ಬೀಜದ ಅಟ್ಟದ ಕೆಳಗೆ ಹೊಸ ಒಲೆ

ನನ್ನ ಮೊದಲ ದುಡ್ಡಿನಲ್ಲಿ ನಾನು ಕೊಂಡದ್ದು ಒಂದು ಸೋಪು. ಅದನ್ನು ಸಂಬಳ ಅನ್ನುವ ಹಾಗಿರಲಿಲ್ಲ; ಅದು ಸ್ಟೈಪೆಂಡ್, ಕೆಲಸ ಕಲಿಯುವವರಿಗೆ ಕೊಡುವ ದುಡ್ಡು ಎಂದು ನಮ್ಮ ಸಾಹೇಬರು ತಿದ್ದಿದ್ದರು. ಹೆಸರು ಏನಾದರೂ ಇರಲಿ, ಮುಂಡಗೋಡದ ಸಂತೆಯಲ್ಲಿ ಗುಲಾಬಿ ಬಣ್ಣದ ಕಾಗದ ಸುತ್ತಿದ ಸೋಪು ಕೊಂಡು, ಸನವಳ್ಳಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಅದನ್ನು ಮೂಸುತ್ತ ಬಂದೆ. ಹೊರಟದ್ದು ಅವ್ವನ ಕಣ್ಣಿಗೆ ಔಷಧ ತರಲಿಕ್ಕೆ. ಔಷಧ ಮುಂದಿನ ತಿಂಗಳು ತಂದರಾಯಿತು ಅಂದುಕೊಂಡೆ. ನಾನು ಎಂಥವಳು ಎಂಬುದು ಇಷ್ಟರಲ್ಲೇ ನಿಮಗೆ ಗೊತ್ತಾಗಿದ್ದರೆ ಒಳ್ಳೆಯದು, ಮುಂದಿನದನ್ನು ಓದಲು ಅನುಕೂಲವಾಗುತ್ತದೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹಳಿಯಾಳದಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೆ. ನಮ್ಮೂರು ಜೋಯಿಡಾ ಕಡೆಯ ಕಾಡಿನ ಅಂಚಿಗೆ. ಊರೆಂದರೆ ಹನ್ನೆರಡು ಮನೆಗಳ ಒಂದು ಸಿದ್ದಿ ಕೇರಿ, ಅಷ್ಟೇ. ಅಲ್ಲಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಕೇರಿಯ ಮೇಲಿನಿಂದ ಕರೆಂಟಿನ ದಪ್ಪ ತಂತಿಗಳು ಹಾದು ಹೋಗಿದ್ದವು. ಆಚೆ ಸೂಪಾದಲ್ಲಿ ಅಣೆಕಟ್ಟು ಇನ್ನೂ ಏಳುತ್ತಿತ್ತು. ತಂತಿ ನಮ್ಮ ತಲೆಯ ಮೇಲೆ, ದೀಪ ಹುಬ್ಬಳ್ಳಿಯಲ್ಲಿ. ನಮಗೆ ಇದ್ದದ್ದು ಚಿಮಣಿ ಬುಡ್ಡಿ ಮತ್ತು ಮೂರು ಕಲ್ಲಿನ ಒಲೆ.

ಆ ವರ್ಷ ಧಾರವಾಡದ ಕಡೆಯ ಒಂದು ಸಂಸ್ಥೆಯವರು ಕಾಲೇಜಿಗೆ ಬಂದು, ಸೌದೆ ಉಳಿಸುವ, ಹೊಗೆ ಇಲ್ಲದ ಒಲೆಗಳನ್ನು ಹಳ್ಳಿಗಳಲ್ಲಿ ಕಟ್ಟಲು ಹುಡುಗ ಹುಡುಗಿಯರು ಬೇಕು ಎಂದರು. ಬೇರೆಯವರಿಗಲ್ಲ, ಇಂಥ ಕೆಲಸಕ್ಕೆ ಯಾರೂ ಕರೆಯದ ಮನೆಗಳ ಮಕ್ಕಳಿಗೆ ಮಾತ್ರ: ಸಿದ್ದಿಗಳು, ಎಮ್ಮೆ ಕಾಯುವ ಗೌಳಿಗಳು, ದಾಂಡೇಲಿಯ ಕಾಗದ ಕಾರ್ಖಾನೆಯ ಕೂಲಿಗಳ ಮಕ್ಕಳು. ದೀಪಾವಳಿ ರಜೆಯಲ್ಲಿ ಸನವಳ್ಳಿಯ ಒಂದು ಶಾಲೆಯಲ್ಲಿ ತರಬೇತಿ. ಆಮೇಲೆ ಶನಿವಾರ, ಭಾನುವಾರ ನಮ್ಮ ನಮ್ಮ ಊರುಗಳಲ್ಲೇ ಒಲೆ ಕಟ್ಟುವುದು. ಆರು ತಿಂಗಳೂ ದುಡ್ಡು ಕೊಡುತ್ತಾರೆ, ಮೊದಲ ತಿಂಗಳದ್ದು ತರಬೇತಿಯಲ್ಲೇ. ಕೊನೆಗೆ, ಆರಿಸಿಕೊಂಡ ಐದು ಮಂದಿಯಲ್ಲಿ ಒಬ್ಬರಿಗೆ ಕಾಯಂ ಕೆಲಸ. ಯಾರು ಕಟ್ಟಿದ ಒಲೆಗಳು ಹೆಚ್ಚು ಬಳಕೆಯಲ್ಲಿರುತ್ತವೋ ಅವರಿಗೆ.

ಆ ಕೆಲಸ ನನಗೆ ಬೇಕೇ ಬೇಕಿತ್ತು. ಅಪ್ಪ ಸತ್ತು ಬಹಳ ವರ್ಷವಾಗಿತ್ತು. ಅವ್ವ ಕಾಡಿನಿಂದ ಸೌದೆ ಹೊರೆ ತಂದು ಹಳಿಯಾಳದಲ್ಲಿ ಮಾರಿ ನನ್ನನ್ನು ಓದಿಸುತ್ತಿದ್ದಳು. ಅವಳ ಕಣ್ಣು ಸದಾ ಕೆಂಪು, ಎದೆಯಲ್ಲಿ ಸದಾ ಕೆಮ್ಮು. ಒಲೆ ಊದಿ ಊದಿ ಆದದ್ದು. ಆದ್ದರಿಂದ ಒಲೆಯ ಕೆಲಸಕ್ಕೆ ನಾನು ಬರೀ ಆಸೆಬುರುಕಿಯಾಗಿ ಹೋದೆ ಎಂದರೆ ಅದೂ ಸುಳ್ಳಾಗುತ್ತದೆ. ಅವ್ವನ ಕಣ್ಣು ಉಳಿಯಲಿ ಎಂದೂ ಹೋದೆ.

ಸನವಳ್ಳಿಯ ಶಾಲೆಯಲ್ಲಿ ಹುಡುಗಿಯರು ನಾವು ಇಬ್ಬರೇ. ಇನ್ನೊಬ್ಬಳು ದಾಂಡೇಲಿಯವಳು, ಅವಳಪ್ಪ ಕಾಗದ ಕಾರ್ಖಾನೆಯಲ್ಲಿ ಬಿದಿರು ಇಳಿಸುವ ಕೆಲಸಕ್ಕಿದ್ದ. ಒಳ್ಳೆಯ ಹುಡುಗಿ, ಈಗಲೂ ಹಾಗೆಯೇ ಹೇಳುತ್ತೇನೆ. ಎರಡನೆಯ ದಿನ ಅವಳು ತನ್ನ ಹಾಸಿಗೆಯನ್ನು ಕಿಟಕಿಯ ಕಡೆಗೆ ಎಳೆದುಕೊಂಡಳು. ಯಾಕೆ ಅಂದೆ. ನಿನ್ನ ಅರಿವೆ ಹೊಗೆ ನಾರುತ್ತವೆ, ಬೇಜಾರಾಗಬೇಡ, ನನಗೆ ತಲೆ ನೋಯುತ್ತದೆ ಅಂದಳು. ಅವಳ ಹೊದಿಕೆಗೂ ಕಾರ್ಖಾನೆಯ ಒಂದು ವಾಸನೆ ಇತ್ತು. ಮರುದಿನ ನಾಷ್ಟಾ ಮಾಡುವಾಗ ಹುಡುಗರಲ್ಲೊಬ್ಬ ನಾನು ಪಕ್ಕಕ್ಕೆ ಕೂತ ಕೂಡಲೇ ಮೂಗು ಎತ್ತಿ, ಎಲ್ಲೋ ಬೆಂಕಿ ಹತ್ತಿದ ಹಾಗಿದೆ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ನನ್ನ ಬಣ್ಣ, ಕೂದಲು ನೋಡಿ ನಗುವವರು ನನಗೆ ಹೊಸಬರಲ್ಲ, ಅದಕ್ಕೆ ಮೈ ಒಗ್ಗಿತ್ತು. ಇದು ಬೇರೆ. ಇದು ನನ್ನ ಮನೆಯೇ ನನ್ನ ಮೈಗೆ ಅಂಟಿಕೊಂಡು ಬಂದ ಹಾಗೆ. ಆ ವಾರವೇ ಸೋಪು ಕೊಂಡದ್ದು.

ತರಬೇತಿ ಕೊಡುತ್ತಿದ್ದ ಸಾಹೇಬರು ವಯಸ್ಸಾದವರು, ಸಣ್ಣ ದನಿಯವರು. ಕೆಂಪು ಬಟ್ಟೆಯ ರಟ್ಟು ಹಾಕಿದ ಒಂದು ವಹಿ ಅವರ ಕೈ ಬಿಡುತ್ತಿರಲಿಲ್ಲ. ಒಲೆಯ ಅಳತೆ ಎಲ್ಲಾ ಅವರಿಗೆ ಬಾಯಿಪಾಠ. ಆದರೆ ಮನೆಗಳ ಬಗ್ಗೆ ಮಾತು ಬಂದರೆ ನಮ್ಮನ್ನೇ ಕೇಳುತ್ತಿದ್ದರು, ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ನಿಮ್ಮನ್ನು ಕರೆದದ್ದೇ ಇದಕ್ಕೆ ಅನ್ನುತ್ತಿದ್ದರು. ಸೋಪು ಕೊಂಡ ಮರುದಿನ ಹೊಗೆಯ ಪಾಠ. ಹೊಗೆಯಿಂದ ಕಣ್ಣಿಗೆ ಏನಾಗುತ್ತದೆ, ಎದೆಗೆ ಏನಾಗುತ್ತದೆ ಎಲ್ಲಾ ಹೇಳಿ ಮುಗಿಸಿ, ವಹಿ ತೆರೆದು, ನೇರವಾಗಿ ನನ್ನ ಕಡೆ ತಿರುಗಿದರು.

“ನೋಡವಾ, ನಿಮ್ಮ ಮನ್ಯಾಗ ಇನ್ನೂ ಮೂರು ಕಲ್ಲಿನ ಒಲಿ ಐತಿ. ನೀ ಹೇಳು. ಹೊಗಿಯಿಂದ ಮನಿಗೆ ಏನರ ಉಪಯೋಗ ಐತೇನು? ಎಷ್ಟ ಸಣ್ಣದಿದ್ರೂ ಹೇಳು.”

ನಾಲ್ಕು ಮುಖಗಳು ನನ್ನ ಕಡೆ ತಿರುಗಿದವು. ಮೂಗು ಎತ್ತಿದವನ ಮುಖವೂ ಇತ್ತು.

“ಏನೂ ಇಲ್ರಿ. ಬರೇ ಕಣ್ಣುರಿ” ಅಂದೆ.

ಅವರು ಬರೆದುಕೊಂಡರು. ಪೆನ್ನು ಕಾಗದದ ಮೇಲೆ ಸರಿದದ್ದು ನಾನು ನೋಡಿದೆ.

ನಾನು ಹೇಳದೆ ಬಿಟ್ಟದ್ದು ಇದು. ನಮ್ಮ ಕೇರಿಯಲ್ಲಿ ನಮ್ಮ ಮನೆಗೆ ಬೀಜದ ಮನೆ ಎಂದು ಹೆಸರು. ಅವ್ವನ ಒಲೆಯ ಮೇಲೆ ಬಿದಿರಿನ ಅಟ್ಟ. ಸುಗ್ಗಿ ಮುಗಿದ ಮೇಲೆ ಹೊಲ ಇದ್ದ ಎಂಟು ಮನೆಯವರು ತಮ್ಮ ತಮ್ಮ ಬಿತ್ತನೆಯ ಬತ್ತವನ್ನು ಸಗಣಿ ಸಾರಿಸಿದ ಬುಟ್ಟಿಗಳಲ್ಲಿ ತುಂಬಿ ತಂದು ಆ ಅಟ್ಟದ ಮೇಲೆ ಇಡುತ್ತಿದ್ದರು. ಬುಟ್ಟಿಗೊಂದು ಸುಣ್ಣದ ಗುರುತು, ಒಂದಕ್ಕೆ ಶಿಲುಬೆ, ಒಂದಕ್ಕೆ ಮೂರು ಗೀರು, ಹೀಗೆ. ಅಲ್ಲಿಂದ ಮುಂಗಾರಿನ ತನಕ ಅವ್ವನ ಒಲೆಯ ಬೆಂಕಿ ಆರುವ ಹಾಗಿಲ್ಲ. ಅಡುಗೆ ಇಲ್ಲದ ಹೊತ್ತಿನಲ್ಲೂ ಒಂದು ದಪ್ಪ ಬೇರು ಹೊಗೆಯಾಡುತ್ತ ಇರಬೇಕು. ಹೊಗೆ ತಿಂದ ಬೀಜಕ್ಕೆ ಹುಳ ಬೀಳುವುದಿಲ್ಲ, ಮೊಳಕೆ ಸಾಯುವುದಿಲ್ಲ. ಅವ್ವನ ಕೈ ಬೆಂಕಿಗೆ ಒಳ್ಳೆಯದು ಎಂದು ಅವಳಿಗೆ ಆ ಕೆಲಸ ಬಂದಿತ್ತು, ಅದಕ್ಕೂ ಮುಂಚೆ ಅವಳ ಅತ್ತೆಗೆ ಇತ್ತು. ಬದಲಿಗೆ ಮನೆಗೊಂದು ಮೊರ ಕಾಳು. ಆದರೆ ಅವಳು ಮಾಡುತ್ತಿದ್ದದ್ದು ಕಾಳಿಗಲ್ಲ, ಮರ್ಯಾದೆಗೆ. ಹೊರೆ ಹೊತ್ತು ಮಾರುವ ಹೆಂಗಸಿಗೆ ಲೋಕದಲ್ಲಿ ಅದೊಂದೇ ಮರ್ಯಾದೆ ಇತ್ತು.

ಇದನ್ನು ಹೇಳಲು ಎರಡು ನಿಮಿಷ ಸಾಕಿತ್ತು. ಬೀಜ ಇಡುವವರು ಬೇರೆ ಯಾರಾದರೂ ಹೇಳುತ್ತಾರೆ ಎಂದು ಬಿಟ್ಟೆನೋ, ಅದೇನು ಮಹಾ ವಿಷಯ ಅನಿಸಿತೋ ಎಂದು ನೆಪ ಹುಡುಕುವುದನ್ನು ನಾನು ಬಹಳ ವರ್ಷ ಮಾಡಿದ್ದೇನೆ. ಯಾವುದೂ ಅಲ್ಲ. ಮೂಗು ಎತ್ತಿದವನ ಮುಂದೆ, ಹೊಗೆಯಿಂದ ನಮಗೆ ಉಪಯೋಗ ಇದೆ ಎಂದು ಹೇಳಲು ನನಗೆ ನಾಚಿಕೆಯಾಯಿತು.

ಮೊದಲ ಒಲೆಯನ್ನು ನಮ್ಮ ಮನೆಯಲ್ಲೇ ಕಟ್ಟಿದೆ. ಬೀಜದ ಮನೆಯಲ್ಲಿ ಒಲೆ ಎದ್ದರೆ ಉಳಿದವರು ತಾವಾಗಿ ಒಪ್ಪುತ್ತಾರೆ ಎಂಬ ಲೆಕ್ಕಾಚಾರ ನನ್ನದು. ಮಣ್ಣು, ಬತ್ತದ ಹೊಟ್ಟು ಕಲಸಿ, ಎರಡು ಪಾತ್ರೆ ಕೂರುವ ಹಾಗೆ ಕಟ್ಟಿ, ಹಿಂದಿನಿಂದ ಒಂದು ಕೊಳವೆ ಎಬ್ಬಿಸಿ, ಅಟ್ಟದ ಪಕ್ಕಕ್ಕೆ ಹಾಯಿಸಿ ಸೂರಿನ ಹೊರಗೆ ಬಿಟ್ಟೆ. ಹಚ್ಚಿದಾಗ ಕೊಳವೆಯ ತುದಿಯಿಂದ ಹೊಗೆ ಆಕಾಶಕ್ಕೆ ಹೋಯಿತು. ಒಳಗೆ ಒಂದು ಎಳೆಯೂ ಇಲ್ಲ. ಅವ್ವ ಒಲೆಯ ಮುಂದೆ ಕೂತು ಕಣ್ಣು ಪೂರ್ತಿ ತೆರೆದು ನನ್ನನ್ನು ನೋಡಿದಳು. ಒಲೆ ಉರಿಯುವಾಗ ಅವಳ ಕಣ್ಣು ಪೂರ್ತಿ ತೆರೆದಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಕ್ಷಣದ ಸಂತೋಷ ನಿಜವಾದದ್ದು, ಅದನ್ನು ಯಾರೂ ಕಿತ್ತುಕೊಳ್ಳಲಾರರು.

ಸ್ವಲ್ಪ ಹೊತ್ತಿಗೆ ಅವಳು ಕತ್ತೆತ್ತಿ ಅಟ್ಟ ನೋಡಿದಳು. ನಮ್ಮ ಮನೆಮಾತು ಕೊಂಕಣಿ, ಮರಾಠಿ ಬೆರೆತದ್ದು; ಆದರೆ ಒಲೆಯ ವಿಷಯ ಮಾತ್ರ ಅವಳು ನನ್ನ ಜೊತೆ ಕನ್ನಡದಲ್ಲೇ ಆಡುತ್ತಿದ್ದಳು, ಅದು ಆಫೀಸಿನ ವಿಷಯ ಎಂದು.

“ಬೀಜಕ್ಕ ಹೊಗಿ ಎಲ್ಲಿಂದ ಬರ್ತೈತಿ?” ಅಂದಳು.

“ಸಾಹೇಬ್ರು ಎಲ್ಲಾ ವಿಚಾರ ಮಾಡ್ಯಾರವ್ವ” ಅಂದೆ.

ಅವಳು ಮತ್ತೆ ಕೇಳಲಿಲ್ಲ. ಅಷ್ಟು ಓದಿದವರು ವಿಚಾರ ಮಾಡಿದ್ದಾರೆ, ಮಗಳು ಅವರ ಎದುರಿಗೆ ಕೂತು ಬಂದಿದ್ದಾಳೆ, ಮುಗಿಯಿತು. ನಾನು ಹಳೆಯ ಮೂರು ಕಲ್ಲುಗಳನ್ನು ಎತ್ತಿ ಹಿತ್ತಲಿಗೆ ಒಯ್ದು ಹಾಕಿದೆ. ತಪಾಸಣೆಗೆ ಬಂದವರು ಮನೆಯೊಳಗೆ ಹಳೆಯ ಒಲೆ ಕಂಡರೆ ಹೊಸದು ಬಳಕೆಯಲ್ಲಿಲ್ಲ ಎಂದು ಬರೆದುಕೊಳ್ಳುತ್ತಾರೆ. ಬೇರು ಹಚ್ಚಿಡಲು ಮೂಲೆಯಲ್ಲಿ ಒಂದು ಸಣ್ಣ ಕುಣಿ ಮಾಡಿಕೊಳ್ಳಲೇನು ಎಂದು ಅವ್ವ ಒಂದು ಸಲ ಕೇಳಿದಳು. ಬೇಡ ಅಂದೆ.

ಹೊಸ ವರ್ಷದ ಹೊತ್ತಿಗೆ ಎಂಟು ಮನೆಯ ಬುಟ್ಟಿಗಳೂ ಅಟ್ಟಕ್ಕೆ ಬಂದವು. ಅಷ್ಟರಲ್ಲಿ ಹನ್ನೆರಡು ಮನೆಗಳಲ್ಲೂ ಹೊಸ ಒಲೆ. ಹೆಂಗಸರು ನನ್ನನ್ನು ಕರೆದು ಕರೆದು ಚಹಾ ಕೊಡುತ್ತಿದ್ದರು. ಅವ್ವನ ಕೆಮ್ಮು ಕಡಿಮೆಯಾಗಿತ್ತು. ಹಳಿಯಾಳದಿಂದ ಶನಿವಾರ ಮನೆಗೆ ಬಂದರೆ ಅಡುಗೆಮನೆಯಲ್ಲಿ ಗಾಳಿಯೇ ಬೇರೆ. ನನ್ನ ಬಟ್ಟೆಗಳು ಸೋಪಿನ ವಾಸನೆ ಹಾಗೇ ಉಳಿಸಿಕೊಳ್ಳುತ್ತಿದ್ದವು. ಬೇಸಿಗೆಯಲ್ಲಿ ತಪಾಸಣೆಯವರು ಬಂದರು, ಮನೆ ಮನೆ ಹೊಕ್ಕು ನೋಡಿದರು. ಐದು ಮಂದಿಯಲ್ಲಿ ನನ್ನ ಒಲೆಗಳೇ ಎಲ್ಲಾ ಉರಿಯುತ್ತಿದ್ದವು. ಕೆಲಸ ನನಗೆ ಬಂತು. ಅವ್ವ ಆ ಕಾಗದವನ್ನು ಗೋಡೆಯ ಶಿಲುಬೆಯ ಹಿಂದೆ ಸಿಕ್ಕಿಸಿಟ್ಟಳು.

ಮುಂಗಾರಿಗೆ ಮುಂಚಿನ ಮಳೆ ಎರಡು ಸಲ ಬಿದ್ದ ಮೇಲೆ ಗಂಡಸರು ಹೊಲ ಹದ ಮಾಡಿ ಬುಟ್ಟಿ ಇಳಿಸಿಕೊಳ್ಳಲು ಬಂದರು. ಬೆಳಗಿನ ಹೊತ್ತು. ಮೂರು ಗೀರಿನ ಬುಟ್ಟಿ ಮೊದಲು ಇಳಿಯಿತು. ಮುಚ್ಚಿದ ಸಗಣಿಯ ಪದರು ಒಡೆದ ಕೂಡಲೇ ಒಳಗಿನಿಂದ ಬೂದಿ ಬಣ್ಣದ ಸಣ್ಣ ಸಣ್ಣ ಪತಂಗಗಳು ಎದ್ದವು. ಒಂದೆರಡಲ್ಲ, ಮುಖಕ್ಕೆ ಬಡಿಯುವಷ್ಟು. ಬುಟ್ಟಿಯ ಯಜಮಾನ ಕೈ ಹಾಕಿ ಒಂದು ಹಿಡಿ ಎತ್ತಿದ. ಮೇಲೆ ನೋಡಲು ಬತ್ತ ಚೆನ್ನಾಗಿಯೇ ಇತ್ತು, ಕಾಳಿಗೊಂದು ಸೂಜಿ ಚುಚ್ಚಿದಷ್ಟು ತೂತು. ಅವ್ವ ಒಂದು ಕಾಳು ಹಲ್ಲಿನ ಸಂದಿಗೆ ಇಟ್ಟು ಕಡಿದಳು. ಇನ್ನೊಂದು ಕಡಿದಳು. ಆಮೇಲೆ ಬೇರೆ ಬುಟ್ಟಿಯದು. ಒಳಗೆ ಏನೂ ಇರಲಿಲ್ಲ, ಬರೀ ಹಿಟ್ಟು. ಎಂಟೂ ಬುಟ್ಟಿ ಅಂಗಳದಲ್ಲಿ ಸಾಲಾಗಿ ಕೂತವು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇಬ್ಬರು ಮೂವರು, ಸ್ವಲ್ಪವಾದರೂ ಹುಟ್ಟೀತು ಎಂದು ಅದನ್ನೇ ಬಿತ್ತಿದರು. ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಎಳೆ ಎದ್ದದ್ದು ನೋಡಿ ನೋಡಿ ಒಂದು ವಾರ ಕಳೆದುಕೊಂಡರು. ಉಳಿದವರು ಸಂತೆಯಿಂದ ಯಾವುದೋ ಬೀಜ ತಂದರು. ಅದು ನಮ್ಮ ಕಾಡಿನಂಚಿನ ಮಳೆಗೆ ಒಗ್ಗದ ಬತ್ತ. ಎತ್ತರಕ್ಕೆ ಬೆಳೆದು ತೆನೆ ಹಾಲು ತುಂಬುವ ಮೊದಲೇ ಮಲಗಿತು. ಆ ಚಳಿಗಾಲಕ್ಕೆ ಗಂಡಸರು ಬಿದಿರು ಕಡಿಯಲು, ಅಣೆಕಟ್ಟಿನ ಕಲ್ಲು ಹೊರಲು ಹೋದರು. ಮೂರು ಗೀರಿನ ಮನೆಯವರು ಮಕ್ಕಳು ಮರಿ ಕಟ್ಟಿಕೊಂಡು ರಾಮನಗರದ ದಾರಿಯಿಂದ ಗೋವಾಕ್ಕೆ ಕೂಲಿಗೆ ಹೋದವರು ತಿರುಗಿ ಬರಲೇ ಇಲ್ಲ. ಅವರ ಮನೆಯ ಗೋಡೆ ಎರಡನೇ ಮಳೆಗಾಲಕ್ಕೆ ಕುಸಿಯಿತು. ನಾನು ಕಟ್ಟಿದ ಒಲೆ ಮಾತ್ರ ಗಟ್ಟಿಯಾಗಿ ನಿಂತಿತ್ತು.

ಇನ್ನೊಂದು ಹೇಳಬೇಕು. ಬೀಜ ಕೆಟ್ಟ ದಿನ ಸಂಜೆ ಅವ್ವ ಹಿತ್ತಲಿಗೆ ಹೋಗಿ, ಹುಲ್ಲು ಬೆಳೆದಿದ್ದ ಮೂರು ಕಲ್ಲುಗಳನ್ನು ಒಂದೊಂದಾಗಿ ಹೊಟ್ಟೆಗೆ ಒತ್ತಿಕೊಂಡು ಒಳಗೆ ತಂದಳು. ಹೊಸ ಒಲೆಯನ್ನು ಒಡೆಯಲಿಲ್ಲ, ಅದು ಮಗಳ ಕೈಯಿಂದ ಆದದ್ದು. ಅದರ ಪಕ್ಕಕ್ಕೇ ಕಲ್ಲು ಹೂಡಿ ಬೆಂಕಿ ಮಾಡಿದಳು. ಅಟ್ಟ ಖಾಲಿ ಇತ್ತು, ಆದರೂ ಹೊಗೆ ಹಾಕಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ನನ್ನ ಕಡೆ ತಿರುಗದೆಯೇ ಕೇಳಿದಳು.

“ಅವರು ನಿನ್ನನ್ನ ಒಂದು ಮಾತೂ ಕೇಳಲಿಲ್ಲೇನು?”

“ಇಲ್ಲವ್ವ” ಅಂದೆ.

ಅವಳು ಒಲೆ ಊದಿದಳು. ಕೇಳಬೇಕಿತ್ತು ಎಂದಷ್ಟೇ ತನ್ನಷ್ಟಕ್ಕೆ ಅಂದಳು. ಮರುದಿನದಿಂದ ಕೇರಿಯಲ್ಲಿ ಅದೇ ಮಾತು: ಹುಡುಗಿಗೆ ಎಲ್ಲಾ ಗೊತ್ತಿತ್ತು, ಎದುರಿಗೇ ಕೂತಿದ್ದಳು, ಸಾಹೇಬರು ಬಾಯಿ ಬಿಟ್ಟು ಕೇಳಲಿಲ್ಲ. ನನ್ನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಕನಿಕರವಿತ್ತು.

ಸುದ್ದಿ ತಿಳಿದು ಸಾಹೇಬರು ಮಳೆಯಲ್ಲೇ ಬಂದರು. ಬಸ್ಸಿಳಿದು ಕೆಸರಿನಲ್ಲಿ ನಡೆದು ಬಂದಿದ್ದರು, ಹೆಗಲ ಚೀಲದಲ್ಲಿ ಕೆಂಪು ರಟ್ಟಿನ ವಹಿಯ ತುದಿ ಕಾಣುತ್ತಿತ್ತು. ಹೆಂಗಸರು ಅವರನ್ನು ಅಂಗಳದಲ್ಲೇ ನಿಲ್ಲಿಸಿದರು. ಅವ್ವ ಮುಂದೆ ಬಂದಳು. ಅವಳು ಆಫೀಸಿನವರ ಎದುರು ಮಾತಾಡಿದ್ದು ಜೀವನದಲ್ಲಿ ಅದೊಂದೇ ಸಲ.

“ನನ್ನ ಮಗಳು ನಿಮ್ಮ ಮುಂದನ ಕುಂತಿದ್ಲು. ನಮ್ಮನ್ನ ಬಿಡ್ರಿ, ನಮಗ ಓದು ಬರೂದಿಲ್ಲ. ಆಕಿನ್ನರ ಒಂದು ಮಾತು ಕೇಳಬೇಕಿತ್ತಿಲ್ರಿ?”

ಸಾಹೇಬರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅವರ ಕೈ ಚೀಲದ ಮೇಲೆ ಇತ್ತು. ವಹಿ ತೆಗೆದು ಆ ಪುಟ ತೋರಿಸಿದ್ದರೆ ಸಾಕಿತ್ತು, ನಾನು ಅಲ್ಲೇ ಮುಗಿದುಹೋಗುತ್ತಿದ್ದೆ. ಅವರು ಕೈ ಮುಗಿದರು.

“ಕೇಳಬೇಕಿತ್ತವ್ವ. ತಪ್ಪು ನಂದ” ಅಂದರು.

ಬಸ್ ನಿಲ್ದಾಣದ ತನಕ ನಾನು ಅವರ ಹಿಂದೆ ನಡೆದೆ. ಅರ್ಧ ದಾರಿಯಲ್ಲಿ ಅವರು ಕೊಳವೆಯ ವಿಷಯ ತೆಗೆದರು. ಅಟ್ಟದ ಮಟ್ಟಕ್ಕೆ ಕೊಳವೆಯಲ್ಲಿ ಒಂದು ತೂತು ಬಿಟ್ಟು ತಗಡಿನ ಮುಚ್ಚಳ ಹಾಕಿದ್ದರೆ ಆಗುತ್ತಿತ್ತು. ಬೀಜಕ್ಕೆ ಬೇಕಾದಾಗ ಮುಚ್ಚಳ ತೆಗೆದರೆ ಹೊಗೆ ಅಟ್ಟಕ್ಕೆ, ಉಳಿದ ಹೊತ್ತು ಹೊರಗೆ, ಕೆಳಗೆ ಕೂತವರ ಕಣ್ಣಿಗೆ ಏನೂ ಇಲ್ಲ. ಅರ್ಧ ದಿನದ ಕೆಲಸ ಅಂದರು. ಬೈಗುಳದ ದನಿ ಇರಲಿಲ್ಲ, ಪಾಠ ಹೇಳುವಾಗಿನ ದನಿಯೇ. ನನಗೆ ತಡೆಯಲಾಗಲಿಲ್ಲ. ಅವ್ವನ ಮುಂದೆ ಯಾಕೆ ನಿಜ ಹೇಳಲಿಲ್ಲ ಎಂದು ಕೇಳಿದೆ.

“ನಂಬಾಕ ಆಕಿಗೆ ಇನ್ನ ನೀನೊಬ್ಬಾಕಿನ ಉಳದೀ. ಅದನ್ನೂ ನಾ ಹೆಂಗ ಕಸಗೊಳ್ಳಲಿ?” ಅಂದರು.

ನಿಜವನ್ನು ನೀನೇ ಹೇಳು ಎಂದು ಅವರು ಅನ್ನಲಿಲ್ಲ. ಅದು ನನಗೇ ಹೊಳೆಯಲಿ ಎಂದು ಬಿಟ್ಟಿದ್ದರೇನೋ. ಹೊಳೆಯದೇ ಏನು. ದಿನಾ ಹೊಳೆಯುತ್ತಿತ್ತು.

ಕೆಲಸ ಬಿಡಲಿಲ್ಲ ನಾನು. ಮುಂಡಗೋಡ, ಜೋಯಿಡಾ ಎಲ್ಲಾ ತಿರುಗಿದೆ. ಹೊಸ ಮನೆಗೆ ಹೋದರೆ ಮೊದಲು ಕತ್ತೆತ್ತಿ ಅಟ್ಟ ನೋಡುತ್ತಿದ್ದೆ, ಮೇಲೆ ಏನು ಇಡುತ್ತೀರಿ ಎಂದು ಕೇಳುತ್ತಿದ್ದೆ. ನನ್ನ ಕೊಳವೆಗಳಿಗೆಲ್ಲ ಮುಚ್ಚಳ ಬಂತು. ಒಳ್ಳೆಯ ಸೂಪರ್‌ವೈಸರ್ ಎಂದು ಹೆಸರೂ ಬಂತು, ಸಭೆಗಳಲ್ಲಿ ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸುತ್ತಿದ್ದರು. ಆ ಚಪ್ಪಾಳೆ ಮುಗಿಯುವ ಮೊದಲೇ ನಾನು ಕೂತುಬಿಡುತ್ತಿದ್ದೆ. ನಮ್ಮ ಕೇರಿಯಲ್ಲಿ ಮಾತ್ರ ಒಂದು ಮನೆಯವರೂ ಒಲೆ ಮುಟ್ಟಗೊಡಲಿಲ್ಲ. ಮುಚ್ಚಳದ ಒಲೆ ಕಟ್ಟಿಕೊಡುತ್ತೇನೆ ಎಂದು ಅವ್ವನಿಗೆ ಎಷ್ಟು ಹೇಳಿದೆ. ನಿನ್ನ ಮೇಲೆ ನನಗೇನೂ ಇಲ್ಲ, ಅವರ ಒಲೆ ಬೇಡ ಅನ್ನುತ್ತಿದ್ದಳು. ಹೊಸ ಒಲೆಯ ಬಾಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಅವಳು ಪಕ್ಕದಲ್ಲಿ ಕೂತು ಮೂರು ಕಲ್ಲಿನ ಒಲೆ ಊದುತ್ತಿದ್ದಳು. ಬೀಜದ ಬುಟ್ಟಿಗಳು ಒಂದೊಂದಾಗಿ ತಿರುಗಿ ಬಂದಿದ್ದವು, ಅದಕ್ಕೇ ಮೊದಲಿಗಿಂತ ಹೆಚ್ಚು ಹೊಗೆ ಹಾಕುತ್ತಿದ್ದಳು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವಳಿಗೆ ಒಂದು ಕಣ್ಣು ಪೂರ್ತಿ ಹೋಗಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಕಟ್ಟುತ್ತಿತ್ತು.

ಕಾಡಿ ಬೇಡಿ ಅವಳನ್ನು ಹಳಿಯಾಳಕ್ಕೆ ಡಾಕ್ಟರ ಹತ್ತಿರ ಕರೆದೊಯ್ದಾಗ ಕಾಲ ಮೀರಿತ್ತು. ಡಾಕ್ಟರು ಎದೆಗೆ ನಳಿಕೆ ಇಟ್ಟು ಬಹಳ ಹೊತ್ತು ಕೇಳಿದರು. ಎಷ್ಟು ವರ್ಷದಿಂದ ಹೊಗೆಯಲ್ಲಿ ಅಡುಗೆ ಎಂದು ಕೇಳಿದರು. ಹೊಗೆ ಇಲ್ಲದ ಒಲೆ ಬಂದಿವೆಯಲ್ಲ, ಹಾಕಿಸಲಿಲ್ಲವೇ ಅಂದರು.

“ಹಾಕಿಸಿದ್ದೆ ರೀ. ಒಲಿ ತಂದ ಸಾಹೇಬ್ರಿಗೆ ಬೀಜದ ಸುದ್ದಿ ಗೊತ್ತಿರಲಿಲ್ಲ” ಅಂದಳು ಅವ್ವ. ಉಸಿರು ತೆಗೆದುಕೊಳ್ಳಲು ನಿಂತಳು. “ನನ್ನ ಮಗಳಿಗೆ ಗೊತ್ತಿತ್ತು. ಆಕಿನ್ನ ಯಾರೂ ಕೇಳಲಿಲ್ಲ.”

ಹೌದೇ ಎಂಬ ಹಾಗೆ ಡಾಕ್ಟರು ನನ್ನ ಮುಖ ನೋಡಿದರು. ಅವ್ವನೂ ತನ್ನ ಉಳಿದ ಕಣ್ಣನ್ನು ನನ್ನ ಕಡೆ ತಿರುಗಿಸಿದಳು. ಈಗ ಹೇಳು, ಕೇಳುತ್ತಿದ್ದಾರೆ ಎನ್ನುವ ಹಾಗಿತ್ತು ಅವಳ ಮುಖ. ಹೌದು ರೀ ಅಂದೆ. ಅವಳಿಗೆ ಸಮಾಧಾನವಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು.

ಎಂಟು ದಿನಕ್ಕೆ ತೀರಿಕೊಂಡಳು. ಮಣ್ಣು ಮಾಡುವ ಮುಂಚೆ ಮೈ ತೊಳೆಯಲು ಕೇರಿಯ ಹೆಂಗಸರು ಮೂರು ಕಲ್ಲಿನ ಮೇಲೆ ನೀರು ಕಾಯಿಸಿದರು. ಒಬ್ಬಳು ಒಳಗೆ ಬಂದು, ನಿನ್ನ ಹತ್ತಿರ ಸೋಪು ಇರುತ್ತದಲ್ಲ, ಕೊಡು ಅಂದಳು. ನನ್ನ ಚೀಲದಲ್ಲಿತ್ತು, ಗುಲಾಬಿ ಕಾಗದ ಸುತ್ತಿದ ಅದೇ ಸೋಪು, ಇಷ್ಟು ವರ್ಷವೂ ನಾನು ಬಿಡದೆ ಕೊಳ್ಳುತ್ತಿದ್ದದ್ದು.

ಇಲ್ಲ ಅಂದೆ. ಬರೀ ಬಿಸಿನೀರಿನಲ್ಲಿ ತೊಳೆದೆವು. ಅವ್ವನ ಕೂದಲಲ್ಲಿ ಹೊಗೆಯ ವಾಸನೆ ಹಾಗೆಯೇ ಇತ್ತು.